ಚೊಚ್ಚಲು ಹೇಂಟೆಗಳ ಮೊಟ್ಟೆಯ ಗಾತ್ರ

ಕಳೆದ ವರ್ಷ ಮುಂಗಾರು ಭತ್ತದ ಸುಗ್ಗಿಯು ಮುಗಿದ ತರುವಾಯ ಬೀಜದ ವಿಚಾರವಾಗಿ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಕಡೆಗೆ ಸಂಚಾರ ಹೋಗಿದ್ದೆನು. ದಾರಿಯ ಹಳ್ಳಿಯಲ್ಲಿ ಜಮೀನುದಾರರೊಬ್ಬರು ನನ್ನನ್ನು ಮನೆಗೆ ಕರೆದು, ಒಂದು ಮೊರದಲ್ಲಿ ಹತ್ತು ಹನ್ನೆರಡು ಮೊಟ್ಟೆಗಳನ್ನು ತಂದು ಮುಂದಿಟ್ಟರು. "ಪಾರಿವಾಳದ ತತ್ತಿ ಇದ್ದಂಗ ಅದಾವ್ರೀ ಸಾಹೇಬ್ರ. ಜಾತಿ ಕೋಳಿ ಅಂತ ಹೇಳಿ ನಮಗ ಮೋಸ ಮಾಡ್ಯಾರ" ಎಂದು ಅವರು ಬಹಳವಾಗಿ ನೊಂದು ಹೇಳಿದರು. ವಿಚಾರಿಸಲಾಗಿ, ಅವರು ಆರು ವಾರದ ಇಪ್ಪತ್ತು ಸ್ವರ್ಣಧಾರ ಹೇಂಟೆಮರಿಗಳನ್ನು ಕೊಂಡು ಸಾಕಿದ್ದರೆಂದೂ, ಅವು ಮೊಟ್ಟೆಯಿಡಲಾರಂಭಿಸಿ ಹದಿನೈದು ದಿನ ಮಾತ್ರವಾಗಿತ್ತೆಂದೂ, ಮೊಟ್ಟೆಯ ಗಾತ್ರವನ್ನು ನೋಡಿ ಬೇಸರಗೊಂಡು ಅವುಗಳಲ್ಲಿ ಹನ್ನೆರಡನ್ನು ಹಿಂದಿನ ದಿನವೇ ಮಾಂಸದ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದರೆಂದೂ ತಿಳಿಯಬಂತು. ಮಿಕ್ಕ ಎಂಟನ್ನು ನನ್ನ ಮಾತಿನ ಮೇಲೆ ಇಟ್ಟುಕೊಂಡರು. ಮೂರನೆಯ ತಿಂಗಳಿನಲ್ಲಿ ನಾನು ಪುನಃ ಆ ಕಡೆ ಹೋದಾಗ ಆ ಎಂಟು ಹೇಂಟೆಗಳ ಮೊಟ್ಟೆಗಳನ್ನು ಅವರ ಅಂಗಡಿಯ ತಕ್ಕಡಿಯಲ್ಲಿಯೇ ತೂಗಿಸಿದೆವು. ಒಂದೊಂದಕ್ಕೆ ಸರಾಸರಿ 50 ಗ್ರಾಮಿಗೆ ಮೇಲ್ಪಟ್ಟು ಬಂತು. ಮಾರಿಹೋದ ಹನ್ನೆರಡರ ವಿಷಯವನ್ನು ಆ ದಿನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೋಳಿಯ ವಿಷಯವು ಪಶುಸಂಗೋಪನಾ ಇಲಾಖೆಯವರಿಗೆ ಸೇರಿದ್ದಲ್ಲವೆ, ವ್ಯವಸಾಯದ ಇನ್‌ಸ್ಪೆಕ್ಟರಿಗೆ ಇದರಲ್ಲೇನು ಕೆಲಸ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಒಕ್ಕಲಿಗನ ಹಿತ್ತಿಲಿನಲ್ಲಿ ಇಲಾಖೆಗಳ ಗಡಿಕಲ್ಲುಗಳಿರುವುದಿಲ್ಲ. ಭತ್ತದ ನುಚ್ಚು ಎಲ್ಲಿಗೆ ಹೋಗುತ್ತದೆ, ತೌಡು ಏನಾಗುತ್ತದೆ, ಗದ್ದೆಗೆ ಹೊಡೆದ ಔಷಧಿ ಯಾರ ಹೊಟ್ಟೆಗೆ ಸೇರುತ್ತದೆ ಎಂಬುದೆಲ್ಲ ಬೇಸಾಯದ ವಿಚಾರವೇ ಸರಿ. ಅದೂ ಅಲ್ಲದೆ, ನಮ್ಮ ಗ್ರಾಮಗಳಲ್ಲಿ ಕೋಳಿಯ ಹಣವು ಬಹುಮಟ್ಟಿಗೆ ಹೆಂಗಸರ ಕೈಯ ಹಣ. ಯಜಮಾನರು ಒಂದು ದಿನದ ಕೋಪದಲ್ಲಿ ಹೇಂಟೆಗಳನ್ನು ಮಾರಿಬಿಟ್ಟರೆ ನಷ್ಟವು ಅವರ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅಡಿಗೆಯ ಮನೆಯಲ್ಲಿ ಕಾಣುತ್ತದೆ.

ಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಹೊಸದಾಗಿ ಇಡಲಾರಂಭಿಸಿದ ಹೇಂಟೆಯ ಮೊಟ್ಟೆಯು ಚಿಕ್ಕದಾಗಿರುವುದು ರೋಗವೂ ಅಲ್ಲ, ಜಾತಿಯ ದೋಷವೂ ಅಲ್ಲ. ಕೋಳಿಯ ಹೊಟ್ಟೆಯೊಳಗೆ ಎಡಭಾಗದಲ್ಲಿ ಅಂಡಾಶಯವೊಂದುಂಟು. ಅದರಲ್ಲಿ ಸಾಸಿವೆಯಿಂದ ಮೊದಲುಗೊಂಡು ನೆಲ್ಲಿಕಾಯಿಯ ಗಾತ್ರದವರೆಗೆ ನಾನಾ ಪ್ರಮಾಣದ ಹಳದಿಯ ಗುಂಡುಗಳು ದ್ರಾಕ್ಷಿಯ ಗೊಂಚಲಿನಂತೆ ಇರುತ್ತವೆ. ಇವುಗಳಲ್ಲಿ ಒಂದೊಂದೂ ಕಡೆಯ ಒಂದು ವಾರದಿಂದ ಹತ್ತು ದಿವಸಗಳಲ್ಲಿ ವೇಗವಾಗಿ ಬಲಿತು, ಪಕ್ವವಾದ ಕೂಡಲೇ ಕಳಚಿಕೊಂಡು ಅಂಡನಾಳಕ್ಕೆ ಬೀಳುತ್ತದೆ. ಅಲ್ಲಿ ಸುಮಾರು ಮೂರು ಗಂಟೆಯ ಕಾಲ ಅದರ ಸುತ್ತಲೂ ಬಿಳಿಯ ಲೋಳೆಯು ಕೂಡಿಕೊಳ್ಳುತ್ತದೆ. ಮುಂದೆ ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟು ತೆಳುವಾದ ಪೊರೆಗಳು ಏರ್ಪಡುತ್ತವೆ. ಉಳಿದ ಸುಮಾರು 20 ಗಂಟೆಗಳು ಚಿಪ್ಪು ಕಟ್ಟುವುದಕ್ಕೇ ಸಲ್ಲುತ್ತವೆ. ಹೀಗೆ ಒಂದು ಮೊಟ್ಟೆ ಸಿದ್ಧವಾಗಿ ಹೊರಬರಲು 24 ರಿಂದ 26 ಗಂಟೆಗಳು ಬೇಕು.

ಮೊಟ್ಟೆಯ ಗಾತ್ರವು ಮುಖ್ಯವಾಗಿ ಹಳದಿಯ ಗಾತ್ರವನ್ನು ಅವಲಂಬಿಸಿದೆ. ಹಳದಿಯು ದೊಡ್ಡದಾದರೆ ನಾಳವು ಅದಕ್ಕೆ ತಕ್ಕಷ್ಟು ಬಿಳಿಯ ಲೋಳೆಯನ್ನು ಸುತ್ತುತ್ತದೆ. ಚಿಕ್ಕದಾದರೆ ಬಿಳಿಯೂ ಕಡಿಮೆಯೇ. ಎಳೆಯ ಹೇಂಟೆಯಲ್ಲಿ ಏಕಕಾಲಕ್ಕೆ ಹೆಚ್ಚು ಗುಂಡುಗಳು ಬಲಿಯಲು ತೊಡಗುತ್ತವೆ. ಒಂದರ ಹಿಂದೊಂದು ಬೇಗ ಬೇಗನೆ ಕಳಚಿಕೊಳ್ಳುತ್ತವೆ. ಯಕೃತ್ತು ಆ ದಿನ ಸಿದ್ಧಪಡಿಸಿದ ಸಾರವು ಅಷ್ಟಕ್ಕೂ ಹಂಚಿಹೋಗಬೇಕಾಗುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ: ಕಾಲುವೆಯಲ್ಲಿ ಬರುವ ನೀರು ಅಷ್ಟೇ ಇದ್ದು ತೂಬುಗಳು ಹೆಚ್ಚಾಗಿ ತೆರೆದಿದ್ದರೆ ಒಂದೊಂದು ಗದ್ದೆಗೆ ಎಷ್ಟು ಸಿಕ್ಕೀತು? ತಿಂಗಳುಗಳು ಕಳೆದಂತೆ ಬಲಿಯುವ ಗುಂಡುಗಳ ಸಂಖ್ಯೆಯು ಕಡಿಮೆಯಾಗುತ್ತದೆ. ಕೋಳಿಯ ಮೈಯೂ ತುಂಬುತ್ತದೆ. ಒಂದೊಂದು ಹಳದಿಗೂ ಸಾರವು ಯಥೇಚ್ಛವಾಗಿ ಒದಗುತ್ತದೆ. ಆದುದರಿಂದ ಮೊಟ್ಟೆಯ ತೂಕವು ಮೊದಲಿನ ಎರಡು ಮೂರು ತಿಂಗಳಲ್ಲಿ ಬೇಗನೆಯೂ, ಅನಂತರ ವರ್ಷದ ಕಡೆಯವರೆಗೆ ನಿಧಾನವಾಗಿಯೂ ಏರುತ್ತದೆ.

ಎಷ್ಟರವರೆಗೆ ಏರುವುದೆಂಬುದು ಮಾತ್ರ ಜಾತಿಗೆ ಸೇರಿದ ವಿಷಯ. ನಮ್ಮ ನಾಟಿ ಹೇಂಟೆಯ ಮೊಟ್ಟೆಯು ಸಾಮಾನ್ಯವಾಗಿ 35 ರಿಂದ 45 ಗ್ರಾಮು ತೂಗುತ್ತದೆ, ಅಂದರೆ ಹಿಂದಿನ ಲೆಕ್ಕದಲ್ಲಿ ಮೂರರಿಂದ ನಾಲ್ಕು ತೊಲ. ಅದಕ್ಕೆ ಏನು ತಿನ್ನಿಸಿದರೂ ಅದು ಪೇಟೆಯ ಮೊಟ್ಟೆಯಷ್ಟು ದೊಡ್ಡದನ್ನು ಇಡಲಾರದು. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದ ಗಿರಿರಾಜ, 2005ರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಸ್ವರ್ಣಧಾರ ಮುಂತಾದ ಹಿತ್ತಿಲ ತಳಿಗಳು ಬಲಿತ ಮೇಲೆ 50 ಗ್ರಾಮನ್ನು ದಾಟುತ್ತವೆ. ಆದರೆ ಇವುಗಳ ಮೊದಲ ಮೊಟ್ಟೆಗಳೂ ನಾಟಿ ಮೊಟ್ಟೆಯಷ್ಟೇ ಇರುವುದು ಅಪರೂಪವಲ್ಲ. ಹಾಗಾದುದರಿಂದಲೇ ಮೇಲೆ ಹೇಳಿದ ಜಮೀನುದಾರರಂಥ ತಿಳಿವಳಿಕೆಯುಳ್ಳವರೂ ಮೋಸಹೋಗುತ್ತಾರೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. "ಹೇಗೂ ತಾನಾಗಿಯೇ ದೊಡ್ಡದಾಗುವುದಷ್ಟೆ" ಎಂದು ಸುಮ್ಮನೆ ಕೂರುವುದೂ ಅಷ್ಟೇ ತಪ್ಪು. ಮೊದಲ ಮೊಟ್ಟೆಯಿಡುವ ದಿನ ಹೇಂಟೆಯ ಮೈತೂಕವು ಎಷ್ಟಿತ್ತೋ ಅದರ ಗುರುತು ವರ್ಷಪೂರ್ತಿ ಮೊಟ್ಟೆಯ ಮೇಲೆ ಉಳಿಯುತ್ತದೆ. ಒಂದೇ ಜಾತಿಯ, ಒಂದೇ ದಿನ ಹುಟ್ಟಿದ ಎರಡು ಹೇಂಟೆಗಳಲ್ಲಿ ಮೈತುಂಬಿಕೊಂಡು ಇಡಲಾರಂಭಿಸಿದುದು ಚಿಕ್ಕದರಿಂದ ತೊಡಗಿ ದೊಡ್ಡದಕ್ಕೆ ಹೋಗುತ್ತದೆ. ಬಡಕಲಾಗಿದ್ದು ಇಡಲಾರಂಭಿಸಿದುದು ಚಿಕ್ಕದರಿಂದ ತೊಡಗಿ ಸ್ವಲ್ಪ ಏರಿ ಅಲ್ಲಿಯೇ ನಿಂತುಬಿಡುತ್ತದೆ. ಮೊಟ್ಟೆಯ ಗಾತ್ರವನ್ನು ಸರಿಪಡಿಸುವ ಕಾಲವು ಮೊಟ್ಟೆ ಬಂದ ಮೇಲಿನದಲ್ಲ. ಅದಕ್ಕೆ ಹಿಂದಿನ ನಾಲ್ಕು ತಿಂಗಳು.

ಈ ಮಾತನ್ನು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿದವರು ಕ್ಯಾಂಪಿನ ಒಬ್ಬ ಬಂಗಾಳಿ ಗೃಹಿಣಿ. ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಕುಟುಂಬಗಳಿಗೆ ಸರ್ಕಾರವು 1970ರ ದಶಕದಲ್ಲಿ ಸಿಂಧನೂರಿನ ಸುತ್ತ ಜಮೀನು ಕೊಟ್ಟು ನೆಲೆಗೊಳಿಸಿದ್ದು ವಾಚಕರಿಗೆ ತಿಳಿದ ವಿಷಯ. ಪುನರ್ವಸತಿ ಕ್ಯಾಂಪುಗಳೆಂಬ ಹೆಸರೇ ಈಗ ಆರ್.ಎಚ್. ಕ್ಯಾಂಪುಗಳೆಂದಾಗಿ ಊರಿನ ಹೆಸರಾಗಿ ನಿಂತಿದೆ. ಈ ಗೃಹಿಣಿಯು ಜಮೀನುದಾರರು ಕೊಂಡಿದ್ದ ತಂಡದಿಂದಲೇ ಆರು ಮರಿಗಳನ್ನು ಕೊಂಡಿದ್ದರು. ಅವರ ಹೇಂಟೆಗಳು ಮೊಟ್ಟೆಗೆ ಬಂದದ್ದು ಹತ್ತು ದಿವಸ ತಡವಾಗಿ. ಆದರೆ ಮೊಟ್ಟೆಗಳು ಆರಂಭದಿಂದಲೇ ನೋಟಕ್ಕೆ ದೊಡ್ಡವು. ನಾನು ಮೊಟ್ಟೆಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿರಲು ಆಕೆಯು ನಕ್ಕು, "ಮೊಟ್ಟೆ ನೋಡಬೇಡಿ ಸಾಹೇಬರೇ, ಕೋಳಿ ಎತ್ತಿ ನೋಡಿ" ಎಂದರು. ಎತ್ತಿ ನೋಡಿದೆನು. ಎದೆಯ ಮೂಳೆಯ ಎರಡು ಪಕ್ಕಗಳಲ್ಲಿಯೂ ಮಾಂಸವು ಗಟ್ಟಿಯಾಗಿ ತುಂಬಿತ್ತು. ಜಮೀನುದಾರರ ಹೇಂಟೆಗಳಲ್ಲಿ ಆ ಮೂಳೆಯು ಕತ್ತಿಯ ಅಲಗಿನಂತೆ ಕೈಗೆ ಹತ್ತುತ್ತಿತ್ತು.

ವ್ಯತ್ಯಾಸವು ಎಲ್ಲಿಂದ ಬಂತು? ಜಮೀನುದಾರರು ತಮ್ಮ ಕೋಳಿಗಳನ್ನು ಹಸಿವಿಗೆ ಬಿಟ್ಟವರಲ್ಲ. ಅವರ ಕಣದಲ್ಲಿ ಭತ್ತಕ್ಕೆ ಕೊರತೆಯಿಲ್ಲ. ಬೆಳಗೂ ಸಂಜೆಯೂ ಬೊಗಸೆ ಬೊಗಸೆಯಾಗಿ ನುಚ್ಚನ್ನು ಎರಚುತ್ತಿದ್ದರು. ಕೇಡು ಇರುವುದು ಅಲ್ಲಿಯೇ. ನುಚ್ಚಿನಲ್ಲಿ ಮೈಕಟ್ಟುವ ಸತ್ವವಾದ ಪ್ರೋಟೀನು ನೂರಕ್ಕೆ 7–8 ಪಾಲು ಮಾತ್ರ. ಜೋಳ, ಮುಸುಕಿನ ಜೋಳಗಳಲ್ಲಿ 9–10. ಬೆಳೆಯುವ ಹೇಂಟೆಗೆ ನೂರಕ್ಕೆ ಸುಮಾರು 15–16 ಪಾಲೂ, ಮೊಟ್ಟೆಯಿಡುವ ಹೇಂಟೆಗೆ 16–18 ಪಾಲೂ ಬೇಕು. ನುಚ್ಚಿನಿಂದ ಗುಡಾಣವು ತುಂಬಿದ ಕೋಳಿಯು ಹುಳುಹುಪ್ಪಟೆಗಳನ್ನು ಕೆದಕಿ ಹುಡುಕುವುದನ್ನೂ ಬಿಟ್ಟುಬಿಡುತ್ತದೆ. ಹೀಗಾಗಿ ಅದರ ಹೊಟ್ಟೆ ತುಂಬಿರುತ್ತದೆ, ಮೈ ಮಾತ್ರ ಹಸಿದಿರುತ್ತದೆ. ಹಿಂದೆ ಗದ್ದೆಯ ಬದುಗಳಲ್ಲಿ ಹುಳುಗಳಾದರೂ ಯಥೇಚ್ಛವಾಗಿದ್ದವು. ಈಗ ಬೆಳೆಗೆ ಮೇಲಿಂದ ಮೇಲೆ ಕೀಟನಾಶಕ ಹೊಡೆಯುವುದರಿಂದ ಅವೂ ಇಲ್ಲ. ಔಷಧಿ ಹೊಡೆದ ಗದ್ದೆಗೆ ಕೋಳಿಯನ್ನು ಬಿಡುವುದಂತೂ ಸರ್ವಥಾ ಕೂಡದು; ಸತ್ತ ಹುಳುವನ್ನು ತಿಂದ ಕೋಳಿಯೂ ಸಾಯಬಹುದು.

ಕ್ಯಾಂಪಿನ ಗೃಹಿಣಿಯು ಹೆಚ್ಚಾಗಿ ಖರ್ಚು ಮಾಡಿದವರಲ್ಲ. ಮೀನು ಹಸನು ಮಾಡಿದಾಗ ಉಳಿಯುವ ತಲೆ, ಕರುಳುಗಳನ್ನು ಚೆನ್ನಾಗಿ ಬೇಯಿಸಿ ತೌಡಿನಲ್ಲಿ ಕಲಸಿ ಹಾಕುತ್ತಿದ್ದರು. ಗದ್ದೆಯ ಬಸವನಹುಳುಗಳನ್ನು ಆರಿಸಿ ತಂದು ಕುದಿಸಿ ಜಜ್ಜಿ ಕೊಡುತ್ತಿದ್ದರು. (ಹಸಿಯಾಗಿ ಕೊಟ್ಟರೆ ಜಂತುಗಳ ಭಯವುಂಟು, ಕುದಿಸುವುದನ್ನು ಮರೆಯಬಾರದು.) ಮೀನನ್ನು ಮುಟ್ಟದ ಮನೆಗಳಲ್ಲಿ ಇದೇ ಕಾರ್ಯವನ್ನು ಶೇಂಗಾ ಹಿಂಡಿಯಿಂದ ಸಾಧಿಸಬಹುದು. ಅದರಲ್ಲಿ ಪ್ರೋಟೀನು ನೂರಕ್ಕೆ 40ಕ್ಕೆ ಮೇಲ್ಪಟ್ಟು ಇರುತ್ತದೆ. ಜೋಳ ಅಥವಾ ನುಚ್ಚು 50 ಪಾಲು, ತೌಡು 20 ಪಾಲು, ಶೇಂಗಾ ಹಿಂಡಿ 22 ಪಾಲು, ಖನಿಜ ಮಿಶ್ರಣ 2 ಪಾಲು, ಸುಣ್ಣಕಲ್ಲಿನ ತರಿ 6 ಪಾಲು, ಹೀಗೆ ನೂರು ಪಾಲು ಕೂಡಿಸಿದರೆ ಮೊಟ್ಟೆಯಿಡುವ ಹಿತ್ತಿಲ ಕೋಳಿಗೆ ಸಾಕಾಗುವ ಮಟ್ಟಿನ ಆಹಾರವಾಗುತ್ತದೆ. ಹಿಂಡಿಯಲ್ಲಿ ಐದು ಪಾಲು ಕಡಿಮೆ ಮಾಡಿ ಅದರ ಬದಲು ಒಣಮೀನಿನ ಪುಡಿಯನ್ನು ಸೇರಿಸುವುದಾದರೆ ಇನ್ನೂ ಉತ್ತಮ. ಏಕೆಂದರೆ ಮೊಟ್ಟೆಯ ಗಾತ್ರಕ್ಕೆ ಅತ್ಯವಶ್ಯವಾದ ಮೆಥಿಯೋನಿನ್ ಎಂಬ ಅಂಶವು ಶೇಂಗಾದಲ್ಲಿ ಕೊರತೆಯಾಗಿಯೂ ಮೀನಿನಲ್ಲಿ ಸಮೃದ್ಧವಾಗಿಯೂ ಇದೆ. ಹೊರಗೆ ಮೇಯುವ ಕೋಳಿಗೆ ಸಂಜೆ ಗೂಡಿಗೆ ಸೇರುವ ಮುಂಚೆ ತಲೆಗೆ 40 ರಿಂದ 60 ಗ್ರಾಮು ಕೊಟ್ಟರೆ ಆಯಿತು. ಕಟ್ಟಿಹಾಕಿ ಸಾಕುವುದಕ್ಕೆ ಇದರ ಎರಡರಷ್ಟು ಬೇಕು.

ಹಿಂಡಿಯ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು "ಕೋಳಿಗೆ ತಾನೆ" ಎಂದು ಹಾಕುವ ಪದ್ಧತಿಯು ನಮ್ಮಲ್ಲಿ ಹೆಚ್ಚು. ಆ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತನ್ನು ಕೆಡಿಸುತ್ತದೆ. ಹಳದಿಯ ಸಾರವನ್ನು ತಯಾರಿಸುವುದು ಯಕೃತ್ತೇ ಆದುದರಿಂದ ಮೊಟ್ಟೆಯು ಚಿಕ್ಕದಾಗುವುದೂ, ಕ್ರಮೇಣ ನಿಂತೇಹೋಗುವುದೂ, ಕೋಳಿಯು ಸಾಯುವುದೂ ಉಂಟು. ಬೇಯಿಸಿದರೂ ಹುರಿದರೂ ಈ ವಿಷವು ಪೂರ್ತಿಯಾಗಿ ಹೋಗುವುದಿಲ್ಲ. ಅಂಥ ಹಿಂಡಿಯನ್ನು ಎಮ್ಮೆಗೂ ಹಾಕಕೂಡದು, ಹಾಲಿನಲ್ಲಿ ಬರುತ್ತದೆ. ತೌಡು ಸಹ ಹಳತಾದರೆ ಕಮಟು ಹಿಡಿಯುವುದು. ಗಿರಣಿಯಿಂದ ಆಗಾಗ್ಗೆ ಹೊಸದನ್ನೇ ತರುವುದು ಲೇಸು.

ಸುಣ್ಣದ ಅಂಶವಾದರೋ, ಇಡುವ ಕೋಳಿಗೆ ಮಾತ್ರ. ಇನ್ನೂ ಇಡದ ಮರಿಗಳಿಗೆ ಅಷ್ಟು ಸುಣ್ಣವನ್ನು ತಿನ್ನಿಸಿದರೆ ಮೂತ್ರಪಿಂಡಕ್ಕೆ ಹಾನಿ. ಎಳೆಯವೂ ಬಲಿತವೂ ಒಟ್ಟಿಗೆ ಮೇಯುವ ಮನೆಗಳಲ್ಲಿ ಸುಣ್ಣಕಲ್ಲಿನ ತರಿಯನ್ನಾಗಲಿ ಕಪ್ಪೆಚಿಪ್ಪಿನ ಚೂರನ್ನಾಗಲಿ ಆಹಾರದಲ್ಲಿ ಬೆರೆಸದೆ ಬೇರೆ ಕುಡಿಕೆಯಲ್ಲಿ ಇಟ್ಟರೆ, ಬೇಕಾದ ಹೇಂಟೆಯು ಬೇಕಾದಷ್ಟನ್ನು ತಾನೇ ಕುಟುಕಿಕೊಳ್ಳುತ್ತದೆ.

ತೂಕ ನೋಡುವ ರೀತಿ.— ಕಣ್ಣಂದಾಜು ನಂಬತಕ್ಕದ್ದಲ್ಲ. ಗರಿ ಹರಡಿಕೊಂಡ ಕೋಳಿಯು ದಪ್ಪವಾಗಿ ಕಾಣುತ್ತದೆ. ಎಂಟು, ಹನ್ನೆರಡು, ಹದಿನಾರು ವಾರಗಳಲ್ಲಿ ನಾಲ್ಕೈದು ಮರಿಗಳನ್ನು ಬುಟ್ಟಿಯಲ್ಲಿಟ್ಟು ತೂಗು ತಕ್ಕಡಿಗೆ ಹಾಕಿ ಬರೆದಿಡಬೇಕು. ಕೋಳಿಯನ್ನು ಕೊಟ್ಟವರಲ್ಲಿ ಆ ತಳಿಯ ವಾರವಾರದ ತೂಕದ ಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು. ಉದಾಹರಣೆಗೆ ಬಿಳಿಯ ಲೆಗ್‌ಹಾರ್ನ್ ಹೇಂಟೆಯು 18 ವಾರಗಳಲ್ಲಿ ಸುಮಾರು ಒಂದೂಕಾಲು ಕಿಲೋ ತೂಗಬೇಕು. ಗಿರಿರಾಜದಂಥ ಭಾರದ ತಳಿಗೆ ಈ ಲೆಕ್ಕವು ಸಲ್ಲುವುದಿಲ್ಲ, ಅದರಲ್ಲಿ ಕೊಬ್ಬು ಬೆಳೆಯುವ ಭಯವೇ ಹೆಚ್ಚು. ಮೊಟ್ಟೆಗಳನ್ನೂ ಒಂದೊಂದಾಗಿ ತೂಗುವ ತೊಂದರೆಯಿಲ್ಲ. ವಾರಕ್ಕೊಮ್ಮೆ ಹತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದರೂ ಸಾಕು. ಮೊದಲಿನ ಹನ್ನೆರಡು ವಾರ ಆ ಅಂಕಿಯು ಏರುತ್ತಾ ಹೋದರೆ ಗಾಬರಿಗೆ ಕಾರಣವಿಲ್ಲ. ನಾಲ್ಕು ವಾರಗಳ ಕಾಲ ಏರದೆ ನಿಂತರೆ ಆಹಾರವನ್ನು ನೋಡಬೇಕು. ಏರಿದ್ದು ಇಳಿದರೆ ನೀರು, ಸೆಕೆ, ಜಂತು ಅಥವಾ ರೋಗ.

ಬೆಳಕು ಮತ್ತು ಸೆಕೆ.— ಕೋಳಿಯನ್ನು ಮೊಟ್ಟೆಗೆ ತರುವುದು ಹಗಲಿನ ಬೆಳಕು. ಬೆಳೆಯುವ ಕಾಲದಲ್ಲಿ ಹಗಲು ದಿನೇ ದಿನೇ ದೀರ್ಘವಾಗುತ್ತಿದ್ದರೆ ಹೇಂಟೆಯು ಮೈತುಂಬುವುದಕ್ಕೆ ಮುಂಚೆಯೇ ಪ್ರಾಯಕ್ಕೆ ಬರುತ್ತದೆ. ಹಗಲು ಕುಗ್ಗುತ್ತಿದ್ದರೆ ನಿಧಾನವಾಗಿ ಬರುತ್ತದೆ. ನಮ್ಮ ಸೀಮೆಯಲ್ಲಿ ಅತಿ ಚಿಕ್ಕ ಹಗಲು 11 ಗಂಟೆಗೆ ಸ್ವಲ್ಪ ಮೇಲ್ಪಟ್ಟು, ಅತಿ ದೊಡ್ಡದು 13 ಗಂಟೆ. ಆದುದರಿಂದ ಸೂರ್ಯನಿಂದಾಗುವ ವ್ಯತ್ಯಾಸವು ಶೀತದೇಶಗಳಷ್ಟಿಲ್ಲ. ಆದರೆ ಕಳ್ಳರ ಭಯದಿಂದಲೋ ಹಾವಿನ ಭಯದಿಂದಲೋ ಕೋಳಿಯ ಗೂಡಿನಲ್ಲಿ ರಾತ್ರಿಯೆಲ್ಲಾ ವಿದ್ಯುದ್ದೀಪವನ್ನು ಉರಿಸುವವರಿದ್ದಾರೆ. ಎಳೆಯ ಹೇಂಟೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಎಲುಬು ಕೂಡುವುದಕ್ಕೆ ಮುಂಚೆ ಮೊಟ್ಟೆಯು ಬಂದು, ಚಿಪ್ಪಿನ ಮೇಲೆ ರಕ್ತದ ಗೆರೆಗಳು ಕಾಣುವುದೂ, ಕೆಲವೊಮ್ಮೆ ಗರ್ಭನಾಳವೇ ಹೊರಬಿದ್ದು ಮಿಕ್ಕ ಕೋಳಿಗಳು ಅದನ್ನು ಕುಕ್ಕಿ ಕೊಲ್ಲುವುದೂ ಉಂಟು. ದೀಪ ಬೇಕೇಬೇಕಾದರೆ ಮೈತೂಕವು ಬಂದ ಮೇಲೆ, ಹಗಲೂ ದೀಪವೂ ಸೇರಿ 16 ಗಂಟೆಗೆ ಮೀರದಂತೆ ಕೊಡಬಹುದು. ಒಮ್ಮೆ ಕೊಟ್ಟುದನ್ನು ನಡುವೆ ಕಡಿಮೆ ಮಾಡಕೂಡದು.

ಜನವರಿ ಫೆಬ್ರವರಿಯಲ್ಲಿ ಹುಟ್ಟಿದ ಮರಿಗಳಿಗೆ ನಮ್ಮಲ್ಲಿ ಎರಡು ಕಷ್ಟಗಳು ಒಟ್ಟಿಗೆ ಬರುತ್ತವೆ. ಹಗಲು ಬೆಳೆಯುತ್ತಿರುತ್ತದೆ, ಬೇಸಗೆಯ ಸೆಕೆಯೂ 40 ಡಿಗ್ರಿಗಳನ್ನು ದಾಟುತ್ತದೆ. ಸೆಕೆಯಲ್ಲಿ ಕೋಳಿಯು ನೀರನ್ನೇ ಕುಡಿಯುತ್ತದೆ, ತಿನ್ನುವುದಿಲ್ಲ; ತಿನ್ನದುದರಿಂದ ಮೈ ತುಂಬುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಜುಲೈ ಆಗಸ್ಟಿನ ಮರಿಗಳು ಕುಗ್ಗುವ ಹಗಲಿನಲ್ಲಿ ಬೆಳೆದು, ಸುಗ್ಗಿಯ ಕಾಳುಕಡ್ಡಿ ದೊರೆಯುವ ಕಾಲವನ್ನು ದಾಟಿ, ಚಳಿಗಾಲದ ತಂಪಿನಲ್ಲಿ ಮೊಟ್ಟೆಗೆ ಬರುತ್ತವೆ. ಮಳೆಗಾಲದಲ್ಲಿ ಮೊದಲ ಮೂರು ನಾಲ್ಕು ವಾರ ಮರಿಗಳನ್ನು ಬೆಚ್ಚಗೆ ಇಡುವ ಶ್ರಮವೊಂದುಂಟು. ಆದರೂ ಮರಿಗಳನ್ನು ತರಿಸುವವರಿಗೆ ನಾನು ಈ ತಿಂಗಳುಗಳನ್ನೇ ಹೇಳುತ್ತೇನೆ. ಗ್ರಾಮಕ್ಕೆಲ್ಲಾ ಒಟ್ಟಿಗೆ ಮರಿಗಳನ್ನು ತರಿಸುವ ಪ್ರಸಂಗಗಳಲ್ಲಿ ಮುಖಂಡರು ಈ ವಿಷಯವನ್ನು ಮನಸ್ಸಿನಲ್ಲಿಟ್ಟು ಮುಂಚಿತವಾಗಿಯೇ ಬರೆದುಕೊಳ್ಳುವುದು ಒಳ್ಳೆಯದು.

ಮೊದಲ ದಿನಗಳಲ್ಲಿ ಚಿಕ್ಕ ಮೊಟ್ಟೆಗಳೊಡನೆ ವಿಚಿತ್ರವಾದವೂ ಬರುತ್ತವೆ. ಕೆಲವಕ್ಕೆ ಚಿಪ್ಪೇ ಇಲ್ಲದೆ ಬರಿಯ ಪೊರೆ. ಕೆಲವು ಎರಡು ಹಳದಿಯವು, ಇವು ವಿಪರೀತ ದೊಡ್ಡವು. ಕೆಲವು ಗೋಲಿಯಷ್ಟೇ ಇದ್ದು ಒಳಗೆ ಹಳದಿಯೇ ಇಲ್ಲದವು. ಅಂಡಾಶಯವೂ ನಾಳವೂ ಇನ್ನೂ ಒಂದಕ್ಕೊಂದು ಹೊಂದಿಕೊಳ್ಳದಿರುವುದೇ ಇದಕ್ಕೆಲ್ಲ ಕಾರಣ; ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹಳದಿಯಿಲ್ಲದ ಮೊಟ್ಟೆಯನ್ನು ಹುಂಜವೇ ಇಟ್ಟಿತೆಂದು ನಂಬಿ ಅಪಶಕುನವೆಂದು ಭಾವಿಸಿದವರು ಲೋಕದಲ್ಲಿ ಬಹಳ ಮಂದಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂಬ ಅಪರಾಧಕ್ಕಾಗಿ ಹುಂಜವೊಂದನ್ನು ವಿಚಾರಣೆ ನಡೆಸಿ ಸುಟ್ಟರು. ನಮ್ಮವರು ಆ ಮಟ್ಟಿಗೆ ಹೋಗದೆ, ಮನೆಗೆ ಕೇಡೆಂದು ಹೇಂಟೆಯನ್ನು ಸಂತೆಗೆ ಒಯ್ಯುತ್ತಾರೆ. ಆ ಹೇಂಟೆಯಲ್ಲಿ ಯಾವ ದೋಷವೂ ಇಲ್ಲ.

ಕಾವಿಗೆ ಇಡುವ ವಿಷಯ.— ಚಿಕ್ಕ ಮೊಟ್ಟೆಗಳನ್ನು ತಿನ್ನುವುದರಲ್ಲಿ ನಷ್ಟವಿಲ್ಲ. ಕಾವಿಗೆ ಇಡುವುದರಲ್ಲಿ ನಷ್ಟವುಂಟು. ಮರಿಯು ಹೊರಬಿದ್ದಾಗ ಅದರ ತೂಕವು ಮೊಟ್ಟೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. 36 ಗ್ರಾಮಿನ ಮೊಟ್ಟೆಯಿಂದ 24 ಗ್ರಾಮಿನ ಮರಿ, 51 ಗ್ರಾಮಿನದರಿಂದ 34 ಗ್ರಾಮಿನ ಮರಿ. ಒಂದೇ ಜಾತಿಯ ಮರಿಗಳಲ್ಲಿ ಈ ಚಿಕ್ಕವು ಮಳೆ ಚಳಿಗಳನ್ನು ತಡೆಯಲಾರದೆ ಮೊದಲ ವಾರದಲ್ಲಿಯೇ ಹೆಚ್ಚಾಗಿ ಸಾಯುತ್ತವೆ. ಹೇಂಟೆಯು ಇಡಲಾರಂಭಿಸಿದ ಮೊದಲ ಎರಡು ಮೂರು ತಿಂಗಳ ಮೊಟ್ಟೆಗಳನ್ನು ಅಡಿಗೆಗೂ ಮಾರಾಟಕ್ಕೂ ಉಪಯೋಗಿಸಿ, ಅನಂತರದವನ್ನು ಕಾವಿಗೆ ಆರಿಸಿಕೊಳ್ಳುವುದೇ ಸರಿಯಾದ ಕ್ರಮ. ಆರಿಸುವಾಗ ಆ ಜಾತಿಗೆ ತಕ್ಕ ಗಾತ್ರವುಳ್ಳ, ಆಕಾರದಲ್ಲಿ ನೆಟ್ಟಗಿರುವ, ಒಂದು ವಾರಕ್ಕಿಂತ ಹಳತಲ್ಲದ ಮೊಟ್ಟೆಗಳನ್ನು ತೆಗೆದುಕೊಳ್ಳತಕ್ಕದ್ದು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ದೊಡ್ಡವನ್ನು ಮಾರಿ, ಯಾರೂ ಕೊಳ್ಳದ ಚಿಕ್ಕವನ್ನು ಕಾವಿಗೆ ಇಡುತ್ತಾರೆ. ಮೊಟ್ಟೆಯ ಗಾತ್ರವು ಬಹುಮಟ್ಟಿಗೆ ವಂಶಾನುಗತವಾದುದರಿಂದ, ಹೀಗೆ ನಾಲ್ಕಾರು ತಲೆಮಾರು ಮಾಡಿದರೆ ಊರಿನ ನಾಟಿ ಕೋಳಿಯ ಮೊಟ್ಟೆಯೇ ಕುಗ್ಗುತ್ತಾ ಬರುತ್ತದೆ. ಬೀಜದ ಭತ್ತಕ್ಕೆ ಜೊಳ್ಳನ್ನು ಇಟ್ಟುಕೊಳ್ಳುವ ರೈತರನ್ನು ನಾನು ಇನ್ನೂ ಕಂಡಿಲ್ಲ.

ಮಾರಾಟದಲ್ಲಿಯೂ ನ್ಯಾಯವನ್ನು ನೋಡಬೇಕು. ಅಗ್‌ಮಾರ್ಕ್ ವರ್ಗೀಕರಣದಲ್ಲಿ 60 ಗ್ರಾಮು ಮತ್ತು ಮೇಲ್ಪಟ್ಟ ಮೊಟ್ಟೆಯು ಅತಿ ದೊಡ್ಡದು, 53 ರಿಂದ 59ರ ವರೆಗೆ ದೊಡ್ಡದು, 45 ರಿಂದ 52 ಮಧ್ಯಮ, 38 ರಿಂದ 44 ಚಿಕ್ಕದು. 42 ಗ್ರಾಮಿನ ಹನ್ನೆರಡು ಮೊಟ್ಟೆಗಳು 504 ಗ್ರಾಮೂ, 54 ಗ್ರಾಮಿನವು 648 ಗ್ರಾಮೂ ತೂಗುತ್ತವೆ. ಎಂದರೆ ದೊಡ್ಡದಕ್ಕೆ ಒಂಬತ್ತು ರೂಪಾಯಿ ಸಲ್ಲುವ ಕಡೆ ಚಿಕ್ಕದಕ್ಕೆ ಏಳು ಸಲ್ಲಬೇಕು. ವ್ಯಾಪಾರಿಗಳಾದರೋ ಚಿಕ್ಕದೆಂಬ ನೆಪದಿಂದ ಅರ್ಧ ಬೆಲೆಗೆ ಕೇಳುತ್ತಾರೆ. ಆಹಾರದ ಗುಣದಲ್ಲಿ ಚಿಕ್ಕ ಮೊಟ್ಟೆಯು ಗ್ರಾಮಿಗೆ ಗ್ರಾಮು ದೊಡ್ಡದಕ್ಕೆ ಕಡಿಮೆಯೇನಲ್ಲ. ಎಳೆಯ ಹೇಂಟೆಯದರಲ್ಲಿ ಹಳದಿಯ ಪಾಲು ಸ್ವಲ್ಪ ಕಡಿಮೆ, ಅಷ್ಟೆ. ಅದರ ಚಿಪ್ಪು ಮಾತ್ರ ಮುದಿ ಹೇಂಟೆಯ ಮೊಟ್ಟೆಯ ಚಿಪ್ಪಿಗಿಂತ ಗಟ್ಟಿಯಾಗಿದ್ದು, ಬಂಡಿಯಲ್ಲಿಯೂ ಬಸ್ಸಿನಲ್ಲಿಯೂ ಒಡೆಯುವುದು ಕಡಿಮೆ. 2021ರ ಡಿಸೆಂಬರಿನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಮೊದಲಿಟ್ಟಾಗ ರಾಯಚೂರು ಜಿಲ್ಲೆಯೂ ಅವುಗಳಲ್ಲಿ ಸೇರಿತ್ತು. ಮುಂದೆ ಅದು ರಾಜ್ಯಕ್ಕೆಲ್ಲಾ ವ್ಯಾಪಿಸಿತು. ಹೀಗೆ ಊರೂರಿನಲ್ಲಿ ಮೊಟ್ಟೆಗೆ ಗಿರಾಕಿ ಇರುವಾಗ ಹಿತ್ತಿಲ ಮೊಟ್ಟೆಯನ್ನು ಎಣಿಕೆಯ ಬದಲು ತೂಕದ ಮೇಲೆ ಮಾರುವ ರೂಢಿಯನ್ನು ಗ್ರಾಮದ ಹಿರಿಯರು ಒಂದು ಸಂಘದಲ್ಲಾಗಲಿ ಒಂದು ಅಂಗಡಿಯಲ್ಲಾಗಲಿ ಆರಂಭಿಸಿದರೆ ಈ ಜಗಳವೇ ಇರುವುದಿಲ್ಲ.

ಕಡೆಯದಾಗಿ ರೋಗದ ಮಾತು. ಚೆನ್ನಾಗಿ ದೊಡ್ಡ ಮೊಟ್ಟೆಗಳನ್ನು ಇಡುತ್ತಿದ್ದ ಹೇಂಟೆಗಳು ಒಮ್ಮೆಲೇ ಚಿಕ್ಕ, ಸೊಟ್ಟ, ತೆಳುಚಿಪ್ಪಿನ ಮೊಟ್ಟೆಗಳನ್ನು ಇಡತೊಡಗಿ, ಒಡೆದರೆ ಬಿಳಿಯ ಲೋಳೆಯು ನೀರಿನಂತೆ ಹರಿದರೆ, ಅದನ್ನು ಎಳೆತನದ ಚಿಕ್ಕ ಮೊಟ್ಟೆಯೆಂದು ತಿಳಿಯಕೂಡದು. ರಾಣಿಖೇತ್ ರೋಗದಲ್ಲಿಯೂ ಉಸಿರುನಾಳದ ಕೆಲವು ಅಂಟುರೋಗಗಳಲ್ಲಿಯೂ ಹೀಗಾಗುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ರಾಣಿಖೇತ್ ಲಸಿಕೆಯನ್ನು ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿಯೂ, ಎಂಟು ವಾರ ತುಂಬಿದ ಮೇಲೆ ಚುಚ್ಚುಮದ್ದಾಗಿಯೂ ಹಾಕಿಸುವುದು ವಾಡಿಕೆ. ಈ ಎರಡನೆಯದನ್ನು ಮೊಟ್ಟೆ ಬರುವುದಕ್ಕೆ ಸಾಕಷ್ಟು ಮುಂಚೆಯೇ ಮುಗಿಸತಕ್ಕದ್ದು. ಇಡುತ್ತಿರುವ ಹೇಂಟೆಗೆ ಚುಚ್ಚಿದರೆ ಮೊಟ್ಟೆಯು ಕೆಲಕಾಲ ಕುಗ್ಗುತ್ತದೆ. ಒಂದು ಮನೆಯ ಕೋಳಿಗೆ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ ಪ್ರಯೋಜನವು ಅಲ್ಪ. ಓಣಿಯ ಕೋಳಿಗಳಿಗೆಲ್ಲಾ ಒಂದೇ ದಿನ, ಅವು ಗೂಡಿನಿಂದ ಹೊರಬೀಳುವುದಕ್ಕೆ ಮುಂಚೆ ನಸುಕಿನಲ್ಲಿ ಹಾಕಿಸಬೇಕು. ಲಸಿಕೆಯ ಸೀಸೆಯನ್ನು ತಾಲ್ಲೂಕು ಆಸ್ಪತ್ರೆಯಿಂದ ಮಂಜುಗಡ್ಡೆಯಲ್ಲಿಟ್ಟು ತರಬೇಕು. ತೆರೆದ ಸೀಸೆಯನ್ನು ಮರುದಿನಕ್ಕೆ ಉಳಿಸಕೂಡದು. ದಿನವನ್ನು ಗೊತ್ತುಮಾಡಿ ಹಿಂದಿನ ಸಂಜೆಯೇ ಡಂಗುರ ಹೊಡೆಸಿದರೆ, ಬೆಳಗಾಗುವುದರೊಳಗೆ ಕೆಲಸವು ಮುಗಿದಿರುತ್ತದೆ.